ಉಂಡ ಮನೆಯ ವರ್ಣನೆ

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಹಿರಿಯರು ಹೇಳಿಕೊಟ್ಟ ನೀತಿ. ಸಂಸಾರಸ್ಥನಿಗೆ ಈ ನೀತಿಯು ಭೂಷಣವೇ ಸರಿ. ಗ್ರಂಥಕರ್ತನಿಗೆ ಅದು ಎಷ್ಟು ದೂರ ಸಲ್ಲುವುದೆಂಬ ಶಂಕೆಯು, ಕಡಲಯಾನದ ಎರಡು ಇಂಗ್ಲಿಷ್ ಪುಸ್ತಕಗಳನ್ನು ಒಂದರ ಹಿಂದೊಂದಾಗಿ ಓದಿದಾಗ ನನ್ನಲ್ಲಿ ಹುಟ್ಟಿತು. ಒಂದು, ಆನಿ ಬ್ರಾಸಿ ಎಂಬ ಶ್ರೀಮಂತ ಗೃಹಿಣಿಯು 1878ರಲ್ಲಿ ಪ್ರಕಟಿಸಿದ ‘ಸನ್‌ಬೀಮ್’ ನೌಕೆಯ ಯಾತ್ರಾವೃತ್ತಾಂತ. ಇನ್ನೊಂದು, ಮೈಲ್ಸ್ ಸ್ಮೀಟನ್ ಎಂಬ ನಿವೃತ್ತ ಸೇನಾಧಿಕಾರಿಯು 1959ರಲ್ಲಿ ಪ್ರಕಟಿಸಿದ ‘ಒನ್ಸ್ ಈಸ್ ಎನಫ್’. ಎರಡರಲ್ಲಿಯೂ ಗಂಡಹೆಂಡಿರು ಸ್ವಂತ ಹಡಗಿನಲ್ಲಿ ಹೊರಟು, ಪರದೇಶಗಳ ಬಂದರುಗಳಲ್ಲಿ ತಂಗಿ, ಪರರ ಆತಿಥ್ಯವನ್ನು ಪಡೆದು ಮುಂದುವರಿಯುವರು.

ಇಂತಹ ಯಾತ್ರಿಕರಿಗೆ ಬಂದರಿನ ಯಾಟ್ ಕ್ಲಬ್ಬೇ ಛತ್ರ. ದೂರದಿಂದ ಬಂದ ನೌಕೆಯವರನ್ನು ಕೆಲವು ದಿನಗಳ ಮಟ್ಟಿಗೆ ಗೌರವ ಸದಸ್ಯರನ್ನಾಗಿ ಸ್ವೀಕರಿಸಿ, ಸ್ನಾನಕ್ಕೆ ನೀರು, ಊಟಕ್ಕೆ ಎಲೆ, ಓದುವುದಕ್ಕೆ ಬಂದ ಕಾಗದಪತ್ರ, ಇವೆಲ್ಲವನ್ನೂ ಒದಗಿಸುವ ಪದ್ಧತಿಯು ಹಲವೆಡೆಗಳಲ್ಲಿ ಉಂಟು. ಆದರೆ ಈ ಛತ್ರಕ್ಕೆ ಬಾಗಿಲೂ ಉಂಟು, ಬಾಗಿಲಲ್ಲಿ ಕಾವಲೂ ಉಂಟು. 1815ರಲ್ಲಿ ಆರಂಭವಾಗಿ, ಕೌಸ್ ಎಂಬಲ್ಲಿ ಹಳೆಯ ಕೋಟೆಯೊಂದನ್ನು ಮನೆಯಾಗಿ ಮಾಡಿಕೊಂಡಿರುವ ರಾಯಲ್ ಯಾಟ್ ಸ್ಕ್ವಾಡ್ರನ್ನಿನ ಕಥೆಯನ್ನೇ ನೋಡಬಹುದು. ಚಹದ ವ್ಯಾಪಾರದಿಂದ ಕೋಟ್ಯಧೀಶನಾದ ಥಾಮಸ್ ಲಿಪ್ಟನ್ 1899ರಿಂದ 1930ರವರೆಗೆ ಐದು ಬಾರಿ ಅಮೆರಿಕಾ ಕಪ್ಪಿನ ಸ್ಪರ್ಧೆಗೆ ನೌಕೆ ಕಟ್ಟಿಸಿ ಹೋದನು. ಐದು ಬಾರಿಯೂ ಬೇರೊಂದು ಕ್ಲಬ್ಬಿನ ಹೆಸರಿನಲ್ಲಿ. ಸ್ಕ್ವಾಡ್ರನ್ ಅವನಿಗೆ ಸದಸ್ಯತ್ವವನ್ನು ಕೊಟ್ಟದ್ದು 1931ರಲ್ಲಿ. ಅವನು ತೀರಿಕೊಂಡದ್ದೂ ಅದೇ ವರ್ಷದಲ್ಲಿ. ತಕ್ಕಡಿ ಹಿಡಿದ ಕೈ ಎಂಬುದೇ ಅಡ್ಡಿಯಾಯಿತೆಂದು ಜನರಾಡುವ ಮಾತು.

ಸನ್‌ಬೀಮಿಗೆ ಈ ತೊಡಕಿರಲಿಲ್ಲ. ಆಕೆಯ ಪತಿ ಥಾಮಸ್ ಬ್ರಾಸಿಯವರು ಪಾರ್ಲಿಮೆಂಟಿನ ಸದಸ್ಯರು. ರೈಲುಮಾರ್ಗಗಳನ್ನು ಕಟ್ಟಿಸಿ ಐಶ್ವರ್ಯ ಗಳಿಸಿದ ತಂದೆಯ ಮಗ. ಅವರ ನೌಕೆಯ ಹೆಸರಿನ ಮುಂದೆ ಸ್ಕ್ವಾಡ್ರನ್ನಿನ ಮೂರಕ್ಷರಗಳು ಮೆರೆಯುತ್ತಿದ್ದುವು. 531 ಟನ್ನಿನ ಆ ಹಡಗು 1876ರ ಜುಲೈ ತಿಂಗಳಲ್ಲಿ ಮಕ್ಕಳು, ಮಿತ್ರರು, ನಾವಿಕರು ಸೇರಿ 43 ಮಂದಿಯನ್ನು ಹೊತ್ತು ಹೊರಟು, ಭೂಮಂಡಲವನ್ನು ಸುತ್ತಿ, ಮರುವರ್ಷ ಮೇ ತಿಂಗಳಲ್ಲಿ ಹಿಂದಿರುಗಿತು. ರಿಯೋ, ತಾಹಿತಿ, ಹವಾಯಿ, ಜಪಾನ್, ಸಿಂಹಳ. ಎಲ್ಲಿ ಲಂಗರು ಹಾಕಿದರೂ ಔತಣ, ಎಲ್ಲಿಯೂ ಗಾಡಿ ಕುದುರೆಗಳು ಸಿದ್ಧ. ಗ್ರಂಥವನ್ನು ಅರ್ಪಿಸಿರುವುದೂ ದೇಶದೇಶಗಳಲ್ಲಿ ತಮ್ಮನ್ನು ಆದರಿಸಿದ ಸ್ನೇಹಿತರಿಗೇ. ಗ್ರಂಥಕರ್ತ್ರಿಯ ಕಣ್ಣು ಚುರುಕು, ಮಾತು ಸರಳ. ಅಗ್ನಿಪರ್ವತದ ದರ್ಶನವನ್ನು ಆಕೆ ಬರೆದಿರುವ ರೀತಿಗೆ ತಲೆದೂಗದವರಿಲ್ಲ. ಆದರೆ ಆತಿಥೇಯರ ಮನೆಯನ್ನು ಹೊಕ್ಕೊಡನೆ ಆ ಕಣ್ಣು ಮಂದವಾಗುವುದು. ಎಲ್ಲರೂ ದಯಾಳುಗಳು, ಎಲ್ಲ ತೋಟಗಳೂ ರಮ್ಯ. ಹತ್ತು ಬಂದರುಗಳ ಹತ್ತು ಮಂದಿ ಯಜಮಾನರನ್ನು ಅದಲುಬದಲು ಮಾಡಿಟ್ಟರೂ ಓದುಗನಿಗೆ ತಿಳಿಯದು.

ಇದನ್ನು ಬರೆಯುವಾಗ ನನಗೇ ಸ್ವಲ್ಪ ನಾಚಿಕೆಯಾಗುತ್ತಿದೆ. ಮಲೆನಾಡಿನ ತೋಟಗಾರರ ಕ್ಲಬ್ಬೊಂದರಲ್ಲಿ ಸ್ನೇಹಿತರೊಬ್ಬರ ಅತಿಥಿಯಾಗಿ ಎರಡು ದಿನ ಉಳಿದಿದ್ದೆನು. ಪಂಚೆಯುಟ್ಟು ಬಂದಿದ್ದ ನನ್ನ ವೃದ್ಧ ಸೋದರಮಾವನನ್ನು ಊಟದ ಕೋಣೆಗೆ ಬಿಡಲಿಲ್ಲ. ಅವರು ಹೊರಗಿನ ಜಗುಲಿಯಲ್ಲಿ ಕುಳಿತು ಕಾಫಿ ಕುಡಿದರು. ಹೊರಡುವಾಗ ಅತಿಥಿಗಳ ಪುಸ್ತಕದಲ್ಲಿ ನಾನು ಬರೆದದ್ದು ಏನು? ಕಟ್ಟಡದ ಚೆಲುವನ್ನೂ ಸಿಬ್ಬಂದಿಯ ಸೌಜನ್ಯವನ್ನೂ ಕುರಿತು ನಾಲ್ಕು ಸಾಲು. ಜಗುಲಿಯ ವಿಷಯಕ್ಕೆ ಅಲ್ಲಿ ಸ್ಥಳವಿರಲಿಲ್ಲವೆಂದಲ್ಲ, ಪುಟ ಅರ್ಧ ಖಾಲಿಯೇ ಇದ್ದಿತು. ಮುಂಬಯಿಯ ಯಾಟ್ ಕ್ಲಬ್ಬು, ತಾನು ಕರೆತಂದ ಭಾರತೀಯ ಅತಿಥಿಗಳನ್ನು ಒಳಗೆ ಬಿಡದಿದ್ದುದಕ್ಕಾಗಿ, ಗವರ್ನರ್ ವಿಲಿಂಗ್ಡನ್ ಬೇರೊಂದು ಕ್ಲಬ್ಬನ್ನೇ ಸ್ಥಾಪಿಸಿದನೆಂಬ ಕಥೆಯುಂಟು. ಗವರ್ನರನಿಗೆ ಆ ಅನುಕೂಲವಿದ್ದಿತು. ಬಡ ಲೇಖಕನಿಗಿರುವುದು ಲೇಖನಿಯೊಂದೇ. ಅದನ್ನೂ ಅವನು ಊಟದೆಲೆಯ ಪಕ್ಕದಲ್ಲಿ ಒತ್ತೆಯಿಟ್ಟು ಬಂದರೆ ಓದುಗನ ಪಾಲಿಗೆ ಉಳಿಯುವುದೇನು?

ಆನಿ ಬ್ರಾಸಿಯ ಗ್ರಂಥದಲ್ಲಿಯೇ ಇದಕ್ಕೆ ಉತ್ತರವೊಂದು ಅಡಗಿದೆ. 1876ರ ಸೆಪ್ಟೆಂಬರ್ ಕೊನೆಯಲ್ಲಿ, ದಕ್ಷಿಣ ಅಮೆರಿಕೆಯ ತೀರದಾಚೆ, ಕಲ್ಲಿದ್ದಲು ತುಂಬಿ ವಾಲ್ಪರೈಸೊಗೆ ಹೊರಟಿದ್ದ ‘ಮಾಂಕ್ಸ್‌ಹೇವನ್’ ಎಂಬ ಹಡಗು ಒಡಲೊಳಗೇ ಬೆಂಕಿ ಹೊತ್ತಿ ಉರಿಯುತ್ತಿರುವುದನ್ನು ಸನ್‌ಬೀಮಿನವರು ಕಂಡು, ಅದರ 15 ಮಂದಿಯನ್ನೂ ತಮ್ಮ ಹಡಗಿಗೆ ಹತ್ತಿಸಿಕೊಂಡರು. ಈಗ ಆಕೆ ಅತಿಥಿಯಲ್ಲ, ಮನೆಯೊಡತಿ. ಬಂದವರನ್ನು ಎಲ್ಲಿ ಮಲಗಿಸಬೇಕು, ನೀರೂ ಧಾನ್ಯವೂ ಎಷ್ಟು ದಿನ ಬರುವುದೆಂಬ ಚಿಂತೆ ಹತ್ತಿದ ಕೂಡಲೆ ವಾಕ್ಯಗಳಿಗೆ ಮೂಳೆ ಬಂದಿತು. ವಿಶೇಷಣಗಳು ತಾವಾಗಿಯೇ ಉದುರಿದುವು. ಪುಸ್ತಕದಲ್ಲಿ ಇದಕ್ಕಿಂತ ಮೇಲಾದ ಭಾಗ ನನಗೆ ಕಾಣಲಿಲ್ಲ.

ಸ್ಮೀಟನ್ ದಂಪತಿಗಳ ಸ್ಥಿತಿಯು ಬೇರೆ. ಗಂಡ ಮೈಲ್ಸ್ ಹಿಂದೆ ಭಾರತೀಯ ಸೈನ್ಯದಲ್ಲಿ ಬ್ರಿಗೇಡಿಯರ್; ಹೆಂಡತಿ ಬೆರಿಲ್ ಒಂಟಿಯಾಗಿ ದೇಶಗಳನ್ನು ತಿರುಗಿದ ಗಟ್ಟಿಗಿತ್ತಿ. ಅವರ ‘ತ್ಸು ಹಾಂಗ್’ ನೌಕೆಯ ಉದ್ದ 46 ಅಡಿ. ಜೊತೆಗೆ ಜಾನ್ ಗಜ್ವೆಲ್ ಎಂಬ ತರುಣನೂ ಒಂದು ಬೆಕ್ಕೂ ಇದ್ದುವು. 1956ರ ಡಿಸೆಂಬರಿನಲ್ಲಿ ಮೆಲ್ಬೋರ್ನಿನಿಂದ ಕೇಪ್ ಹಾರ್ನಿನತ್ತ ಹೊರಟರು. 1957ರ ಫೆಬ್ರುವರಿ 14ರಂದು ಮಹಾತರಂಗವೊಂದು ನೌಕೆಯನ್ನು ಮುಂದಲೆಯ ಮೇಲೆ ಪಲ್ಟಿ ಹೊಡೆಸಿತು. ಚುಕ್ಕಾಣಿ ಹಿಡಿದಿದ್ದ ಬೆರಿಲ್ ಕಡಲಿಗೆಸೆಯಲ್ಪಟ್ಟಳು. ಎರಡು ಕೂವೆಗಳೂ ಮುರಿದುವು. ಗಾಯಗೊಂಡ ಆಕೆಯನ್ನು ಮೇಲಕ್ಕೆಳೆದುಕೊಂಡು, ಬಕೆಟ್ಟುಗಳಿಂದ ನೀರೆತ್ತಿ, ತುಂಡು ಮರಗಳಿಂದ ಕೂವೆ ಕಟ್ಟಿ, ಚಿಲಿಯ ತೀರವನ್ನು ಮುಟ್ಟಿದರು. ಅಲ್ಲಿ ತಾಲ್ಕಾವಾನೊ ಎಂಬ ನೌಕಾದಳದ ನೆಲೆಯಲ್ಲಿ ದುರಸ್ತಿ ನಡೆಯಿತು. ಮತ್ತೆ ಹೊರಟರು, ಅದೇ ಡಿಸೆಂಬರಿನಲ್ಲಿ ನೌಕೆ ಮತ್ತೊಮ್ಮೆ ಮಗುಚಿತು.

ಬಿರುಗಾಳಿಯ ವರ್ಣನೆಯನ್ನು ಎಲ್ಲರೂ ಹೊಗಳುವರು, ನಾನೂ ಹೊಗಳುವೆನು. ಕಡಲು ಯಾರಿಗೂ ಊಟವಿಕ್ಕಿದ್ದಲ್ಲವಾದುದರಿಂದ ಅದರ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ಚಿಲಿಯ ತಂಗುವಿಕೆ. ಇಲ್ಲಿಯೂ ಉಪಕಾರಸ್ಮರಣೆಯುಂಟು, ಬಾಯಿ ತುಂಬ ಉಂಟು. ಆದರೆ ಉಪಕಾರವು ಇಲ್ಲಿ ಹಲಗೆ, ಕೂವೆ, ಮೊಳೆಗಳ ರೂಪದಲ್ಲಿ ಬಂದಿತು. ಕೆಲಸವನ್ನು ಕಂಡವನು ಕೆಲಸಗಾರನನ್ನೂ ಕಾಣಲೇಬೇಕಾಗುವುದು. ಔತಣಕ್ಕೆ ಕೃತಜ್ಞನಾದವನು ಎಲ್ಲರನ್ನೂ ಒಂದೇ ಹಾರದಲ್ಲಿ ಪೋಣಿಸುವನು. ದುರಸ್ತಿಗೆ ಕೃತಜ್ಞನಾದವನು ಒಬ್ಬೊಬ್ಬನ ಕೈಯನ್ನೂ ನೆನೆಯುವನು.

ಇಷ್ಟಾದರೂ ಒಂದು ಕೊರತೆಯನ್ನು ಹೇಳದಿರಲಾರೆ. ಕಡಲಿಗೆ ಬಿದ್ದವಳು ಬೆರಿಲ್, ಬರೆದವನು ಮೈಲ್ಸ್. ಆಕೆಯೂ ಲೇಖಕಿಯೇ, ತನ್ನ ಭೂಸಂಚಾರಗಳನ್ನು ಸ್ವತಃ ಬರೆದಿರುವಳು. ಈ ಪುಸ್ತಕದಲ್ಲಿ ಮಾತ್ರ ನಾವು ಆಕೆಯನ್ನು ಗಂಡನ ಮೆಚ್ಚುಗೆಯ ಮೂಲಕವೇ ಕಾಣುವೆವು. ಗಂಡನ ಮೆಚ್ಚುಗೆಯೂ ಒಂದು ಬಗೆಯ ಉಂಡ ಮನೆಯ ಋಣವಲ್ಲವೆ?

ಆನಿ ಬ್ರಾಸಿ ಕೊನೆಯ ಬಾರಿ ಸನ್‌ಬೀಮಿನಲ್ಲಿ ಹೊರಟದ್ದು ನಮ್ಮ ದೇಶಕ್ಕೂ ಆಸ್ಟ್ರೇಲಿಯಕ್ಕೂ. ಹಿಂದಿರುಗುವ ದಾರಿಯಲ್ಲಿ, 1887ರ ಸೆಪ್ಟೆಂಬರ್ 14ರಂದು, ಜ್ವರದಿಂದ ತೀರಿಕೊಂಡಳು. ಶರೀರವನ್ನು ಕಡಲಿಗೇ ಒಪ್ಪಿಸಿದರು. ಆಕೆಯ ದಿನಚರಿಯನ್ನು ಇತರರು ಸಿದ್ಧಗೊಳಿಸಿ 1889ರಲ್ಲಿ ಅಚ್ಚು ಹಾಕಿಸಿದರು. ಅದರ ಕೊನೆಯ ಭಾಗವು ಟಿಪ್ಪಣಿಗಳಾಗಿಯೇ ಉಳಿದಿದೆ. ಆತಿಥೇಯರಿಗೆ ಹಾರ ಪೋಣಿಸುವಷ್ಟು ಶಕ್ತಿ ಆಗ ಆಕೆಗೆ ಇರಲಿಲ್ಲ. ಮೊದಲನೆಯ ಪುಸ್ತಕವನ್ನು ಓದಿ ಮೆಚ್ಚಿದವರು ಇದನ್ನೂ ತರಿಸಿ ಓದಬೇಕೆಂದು ನನ್ನ ಕೋರಿಕೆ.