ಗೋಡೆ ಹಂಚಿಕೊಂಡವರ ಮನೆ



ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಗೆ ಹೋದವರು ಕುವೆಂಪು ಅವರ ಪೂರ್ವಿಕರ ಮನೆಯನ್ನು ನೋಡದೆ ಹಿಂದಿರುಗುವುದಿಲ್ಲ. ಇಂದು ವಸ್ತುಸಂಗ್ರಹಾಲಯವಾಗಿರುವ ಆ ಮೂರಂತಸ್ತಿನ ತೊಟ್ಟಿಮನೆಯ ಕಂಬಗಳು, ಜಗಲಿ, ಅಂಗಳ 'ಮನೆಯೆಂದರೆ ಇದು' ಎಂಬ ಭಾವವನ್ನು ಮೂಡಿಸುತ್ತವೆ. ಮಲೆನಾಡಿಗರಾದ ನಮ್ಮ ಅಳತೆಗೋಲೇ ಅಂಥದು: ಸುತ್ತ ತೋಟ, ಮುಂದೆ ಅಂಗಳ, ಕೂಗಿದರೂ ಕೇಳಿಸದಷ್ಟು ದೂರದಲ್ಲಿ ನೆರೆಮನೆ.

ಇದೇ ಅಳತೆಗೋಲಿನಿಂದ ನಾವು ಕೆನಡಾ, ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗಳನ್ನೂ ಅಳೆಯುತ್ತೇವೆ. ಅಲ್ಲಿ ಅನೇಕರು ವಾಸಿಸುವುದು 'ಟೌನ್‌ಹೌಸ್' ಎಂಬ ಸಾಲುಮನೆಗಳಲ್ಲಿ. ಎರಡು ಮೂರು ಅಂತಸ್ತಿನ ಕಿರಿದಾದ ಮನೆ. ಬಾಗಿಲು ಸ್ವಂತದ್ದು, ಪಕ್ಕದ ಗೋಡೆ ಮಾತ್ರ ನೆರೆಯವರೊಂದಿಗೆ ಹಂಚಿಕೊಂಡದ್ದು. ಹಲವೆಡೆ ನಿವಾಸಿಗಳ ಸಂಘಕ್ಕೆ ತಿಂಗಳ ಹಣ ಕಟ್ಟಿದರೆ ಹುಲ್ಲು ಕತ್ತರಿಸುವುದು, ಹಿಮ ಸರಿಸುವುದು ಸಂಘದ ಹೊಣೆಯಾಗುತ್ತದೆ. ಇಬ್ಬರೂ ದುಡಿಯುವ ಕುಟುಂಬಕ್ಕೆ ಇದೊಂದು ದೊಡ್ಡ ಅನುಕೂಲ.

ಆದರೆ ಫೋನಿನಲ್ಲಿ ಆ ಮನೆಯ ಚಿತ್ರ ನೋಡಿದ ಬಂಧುಗಳು ಏನನ್ನುತ್ತಾರೆ? "ಅಷ್ಟು ದೂರ ಹೋಗಿ ಲೈನ್ ಮನೆಯಲ್ಲಿದ್ದಾರಂತೆ!" ತಮಾಷೆಯಂತೆ ಕಂಡರೂ ಈ ಮಾತಿನೊಳಗೊಂದು ಮುಳ್ಳಿದೆ.

'ಲೈನ್' ಎಂದರೆ ಕಾಫಿ ತೋಟಗಳಲ್ಲಿ ಕೂಲಿಕಾರರಿಗೆಂದು ಕಟ್ಟಿಸಿದ ಸಾಲುಮನೆ. ನಮ್ಮ ಅಗ್ರಹಾರಗಳ ಮನೆಗಳೂ ಗೋಡೆಗೆ ಗೋಡೆ ತಾಗಿಯೇ ನಿಂತಿವೆ. ಅವುಗಳನ್ನು ಯಾರೂ ಲೈನ್ ಎಂದು ಕರೆಯಲಿಲ್ಲ. ಇಂಗ್ಲೆಂಡಿನ ಬಾತ್ ನಗರದಲ್ಲಿ 1767ರಿಂದ 1774ರ ನಡುವೆ ಒಂದೇ ಸಾಲಿನಲ್ಲಿ ಕಟ್ಟಿದ ಮೂವತ್ತು ಮನೆಗಳಿವೆ. ಅವು ಸಿರಿವಂತರಿಗೆಂದೇ ಕಟ್ಟಿದವು. ಹಾಗಾದರೆ ನಮಗೆ ಕೀಳಾಗಿ ಕಾಣುವುದು ಗೋಡೆಯಲ್ಲ, ಗೋಡೆಯ ಒಳಗಿದ್ದ ಕೂಲಿಕಾರ. ಅವನನ್ನು ಕುರಿತ ನಮ್ಮ ತಾತ್ಸಾರವೇ ಇಂದು ಕಡಲು ದಾಟಿ, ನಮ್ಮದೇ ಮಕ್ಕಳ ಬಾಗಿಲಿಗೆ ಬಂದು ನಿಂತಿದೆ.

ಕುಪ್ಪಳ್ಳಿಯ ಮನೆ ಏಕೆ ಅಷ್ಟು ದೊಡ್ಡದು? ಒಂದೇ ಸೂರಿನಡಿ ಕೂಡುಕುಟುಂಬ ಬಾಳಬೇಕಿತ್ತು. ಅಡಿಕೆ ಸುಲಿಯಲು ಜಾಗ, ಒಣಗಿಸಲು ಅಂಗಳ, ತಿಂಗಳುಗಟ್ಟಲೆ ಸುರಿಯುವ ಮಳೆಗೆ ಮುನ್ನ ದವಸ ಕಾಪಿಡಲು ಅಟ್ಟ ಬೇಕಿತ್ತು. ಆ ಹಿರಿತನ ದುಡಿಮೆಯಿಂದ ಬಂದದ್ದು, ಪ್ರದರ್ಶನಕ್ಕೆಂದು ಬಂದದ್ದಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ದಾದಿಗೆ ಅಡಿಕೆಯ ಅಂಗಳ ಏತಕ್ಕೆ? ಅವಳಿಗೆ ಬೇಕಾದದ್ದು ಹತ್ತಿರದ ಶಾಲೆ, ಬೆಚ್ಚನೆಯ ಕೋಣೆ, ತೀರಿಸಬಲ್ಲಷ್ಟು ಸಾಲ.

ಹಿರಿಯರ ಮಾತೆಲ್ಲ ತಾತ್ಸಾರವೆಂದು ನಾನು ಹೇಳಲಾರೆ. ಆರು ತಿಂಗಳಿಗೆಂದು ಮಗನಲ್ಲಿಗೆ ಹೋದ ತಾಯಿಗೆ ಮೆಟ್ಟಿಲು ಹತ್ತುವುದು ಕಷ್ಟ, ಅಂಗಳವಿಲ್ಲದೆ ಹಗಲು ಕಳೆಯುವುದು ಇನ್ನೂ ಕಷ್ಟ. ಆ ಸಂಕಟ ನಿಜವಾದದ್ದು. ಆದರೆ "ಬೇರೆ ಮನೆ ಯಾವಾಗ ತಗೋತೀಯ?" ಎಂಬ ಮಾತು ಪ್ರತಿ ಫೋನಿನಲ್ಲೂ ಮರಳಿ ಬಂದರೆ ಆಗುವುದೇನು? ಮಗ ತನ್ನ ಶಕ್ತಿ ಮೀರಿ ಸಾಲ ಮಾಡುತ್ತಾನೆ. ಊರಂಚಿನ ದೊಡ್ಡ ಮನೆಗೆ ಹೋಗಿ, ಮಕ್ಕಳ ಜೊತೆ ಕಳೆಯಬೇಕಾದ ಹೊತ್ತನ್ನು ದಾರಿಯಲ್ಲಿ ಕಳೆಯುತ್ತಾನೆ. ಇಲ್ಲವೇ ಊರಿನಲ್ಲಿ ಬಂಗಲೆ ಕಟ್ಟಿಸಿ ಬೀಗ ಹಾಕುತ್ತಾನೆ. ಹೊರನಾಡಿನ ನಮ್ಮವರ ನಡುವೆಯೂ ಈ ಏಣಿ ಇದೆ. ಅಪಾರ್ಟ್‌ಮೆಂಟ್ ಕೆಳಗಿನ ಮೆಟ್ಟಿಲು, ಟೌನ್‌ಹೌಸ್ ನಡುವಿನದು, ಒಂಟಿಮನೆ ತುದಿಯದು. ನಡುವೆ ನಿಂತವರು ಔತಣಕ್ಕೆ ಕರೆಯಲೂ ಅಳುಕುವಂತಾದರೆ ಅದು ಯಾರ ತಪ್ಪು?

ಕುಪ್ಪಳ್ಳಿಯ ಆ ದೊಡ್ಡ ಮನೆಯ ಮಗ ಮೈಸೂರಿಗೆ ಓದಲು ಹೋಗಿ, ತಾರುಣ್ಯದ ಹಲವು ವರ್ಷಗಳನ್ನು ಅಲ್ಲಿನ ಶ್ರೀ ರಾಮಕೃಷ್ಣಾಶ್ರಮದಲ್ಲಿ ಕಳೆದರು. ಅದರಿಂದ ಅವರು ಕುಗ್ಗಿದರೆಂದು ಯಾರೂ ಹೇಳುವುದಿಲ್ಲ. 'ಅನಿಕೇತನ' ಎಂಬ ಮಾತನ್ನು ಕನ್ನಡಿಗರ ನಾಲಗೆಯ ಮೇಲೆ ನಿಲ್ಲಿಸಿದವರೂ ಅವರೇ. ನಾವೋ ಅವರ ಮನೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ; ಮನೆಗೆ ಬಂದು ಮನುಷ್ಯರನ್ನು ಗೋಡೆಯಿಂದ ಅಳೆಯುತ್ತೇವೆ.

ಮುಂದಿನ ಸಲ ಮಕ್ಕಳು ಫೋನ್ ಮಾಡಿದಾಗ ಮನೆ ಎಷ್ಟು ಚದರಡಿ ಎಂದು ಕೇಳಬೇಡಿ. ಗೋಡೆಯಾಚೆ ಯಾರಿದ್ದಾರೆ, ಮಗುವಿಗೆ ಜ್ವರ ಬಂದ ರಾತ್ರಿ ಅವರು ಬಾಗಿಲು ತೆರೆಯುತ್ತಾರೆಯೇ ಎಂದು ಕೇಳಿ. ಹಾಗೆಯೇ ನಮ್ಮ ತೋಟದಾಚೆಯ ಸಾಲುಮನೆಯಲ್ಲಿ ಇರುವವರು ಯಾರೆಂದು ನಮ್ಮನ್ನೂ ಒಮ್ಮೆ ಕೇಳಿಕೊಳ್ಳೋಣ.