‘ಹಿಯರ್ ಯು ಕಮ್ ಅಗೇನ್’: ಪರರ ರಚನೆ, ತನ್ನ ಕಂಠ

ಅಮೆರಿಕದ ಹಳ್ಳಿಗಾಡಿನ ಸಂಗೀತವನ್ನು, ಅಂದರೆ ಕಂಟ್ರಿ ಸಂಗೀತವನ್ನು, ಕುರಿತು ಬರೆಯುವವರಲ್ಲಿ ಒಂದು ನಂಬಿಕೆ ಬಹುಕಾಲದಿಂದ ಬೇರೂರಿದೆ. ಹಳ್ಳಿಯಲ್ಲಿ ಹುಟ್ಟಿ ತನ್ನ ಬಾಳನ್ನೇ ಹಾಡಾಗಿ ಕಟ್ಟಿದ ಗಾಯಕನು ನಗರದ ವೃತ್ತಿಕವಿಗಳ ಗೀತಗಳನ್ನು ಹಾಡತೊಡಗಿದರೆ, ಅಂದಿನಿಂದ ಅವನು ತನ್ನ ನೆಲವನ್ನು ತೊರೆದಂತೆಯೇ ಎಂಬುದು ಆ ನಂಬಿಕೆ. ಇದು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಪರಿಶೀಲಿಸುವುದಕ್ಕೆ ಶ್ರೀಮತಿ ಡಾಲಿ ಪಾರ್ಟನ್ ಅವರ ‘ಹಿಯರ್ ಯು ಕಮ್ ಅಗೇನ್’ ಎಂಬ ಗೀತಸಂಪುಟ ಉತ್ತಮವಾದ ನಿದರ್ಶನವಾಗಿದೆ. ಆರ್.ಸಿ.ಎ. ಸಂಸ್ಥೆ ಇದನ್ನು ೧೯೭೭ರ ಅಕ್ಟೋಬರ್ ತಿಂಗಳಲ್ಲಿ ಹೊರತಂದಿತು. ಇದರಲ್ಲಿರುವ ಹತ್ತು ಗೀತಗಳಲ್ಲಿ ನಾಲ್ಕು ಮಾತ್ರ ಪಾರ್ಟನ್ನರ ಸ್ವಂತ ರಚನೆಗಳು. ಉಳಿದ ಆರು ಪರರವು.

ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಧ್ವನಿಮುದ್ರಿಕೆಯೂ ಒಂದು ದಾಖಲೆಯೇ. ಶಿಲಾಶಾಸನವನ್ನು ಓದುವಾಗ ಅದನ್ನು ಬರೆಯಿಸಿದವರಾರು, ಪಾಠವನ್ನು ರಚಿಸಿದ ಕವಿ ಯಾರು, ಕಲ್ಲಿನಲ್ಲಿ ಕಂಡರಿಸಿದವರಾರು ಎಂದು ಬೇರೆಬೇರೆಯಾಗಿ ಕೇಳುವುದು ನಮ್ಮ ರೂಢಿ. ಐಹೊಳೆಯ ಶಾಸನದಲ್ಲಿರುವ ಕೀರ್ತಿ ಇಮ್ಮಡಿ ಪುಲಕೇಶಿಯದು, ಮಾತು ರವಿಕೀರ್ತಿಯದು. ಮಾತು ಅರಸನದಲ್ಲವೆಂಬ ಕಾರಣದಿಂದ ಆ ಶಾಸನವನ್ನು ಯಾರೂ ತಳ್ಳಿಹಾಕುವುದಿಲ್ಲ. ಗೀತಸಂಪುಟವೊಂದರಲ್ಲಿಯೂ ರಚನಕಾರ, ಗಾಯಕ, ನಿರ್ಮಾಪಕ, ಪ್ರಕಾಶಕ ಸಂಸ್ಥೆ ಎಂಬ ಹಲವು ಕೈಗಳಿರುತ್ತವೆ. ಯಾವ ಕೈಯ ಗುರುತು ಎಲ್ಲಿದೆ ಎಂದು ನೋಡಿದ ಮೇಲೆಯೇ ತೀರ್ಪಿಗೆ ತೊಡಗುವುದು ಉಚಿತ.

ಮೊದಲು ಹಿನ್ನೆಲೆಯನ್ನು ನೋಡೋಣ. ಪಾರ್ಟನ್ನರು ಟೆನೆಸಿ ರಾಜ್ಯದ ಸೆವಿಯರ್ ಪ್ರಾಂತದ ಬೆಟ್ಟಸೀಮೆಯಲ್ಲಿ, ಬಡಕುಟುಂಬವೊಂದರಲ್ಲಿ, ೧೯೪೬ರಲ್ಲಿ ಜನಿಸಿದರು. ಹನ್ನೆರಡು ಮಕ್ಕಳ ಆ ಮನೆಯಲ್ಲಿ ಅವರು ನಾಲ್ಕನೆಯವರು. ೧೯೬೪ರಲ್ಲಿ ಶಾಲಾವ್ಯಾಸಂಗ ಮುಗಿದೊಡನೆ ನ್ಯಾಶ್‌ವಿಲ್ ನಗರಕ್ಕೆ ಹೋದರು. ೧೯೬೭ರಿಂದ ಪೋರ್ಟರ್ ವ್ಯಾಗನರ್ ಎಂಬ ಹಿರಿಯ ಗಾಯಕರ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡುತ್ತಿದ್ದು, ೧೯೭೪ರಲ್ಲಿ ಅದನ್ನು ಬಿಟ್ಟು ಸ್ವತಂತ್ರರಾದರು. ಈ ಅವಧಿಯಲ್ಲಿ ಅವರಿಗೆ ದೊರೆತ ಕೀರ್ತಿ ಕೇವಲ ಕಂಠಕ್ಕೆ ಸಂದದ್ದಲ್ಲ. ‘ಕೋಟ್ ಆಫ್ ಮೆನಿ ಕಲರ್ಸ್’, ‘ಜೋಲೀನ್’, ‘ಐ ವಿಲ್ ಆಲ್ವೇಸ್ ಲವ್ ಯು’ ಮೊದಲಾದವು ಅವರೇ ಬರೆದ ಗೀತಗಳು. ಈ ಕೊನೆಯ ಗೀತವನ್ನು ಎಲ್ವಿಸ್ ಪ್ರೀಸ್ಲಿ ಹಾಡಬಯಸಿದಾಗ, ಅವನ ವ್ಯವಸ್ಥಾಪಕನು ಪ್ರಕಾಶನದ ಹಕ್ಕಿನಲ್ಲಿ ಅರ್ಧ ಪಾಲನ್ನು ಕೇಳಿದನು, ಪಾರ್ಟನ್ನರು ಒಪ್ಪಲಿಲ್ಲ. ೧೯೯೨ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಗೀತವನ್ನು ಲೋಕವಿಖ್ಯಾತಗೊಳಿಸಿದಾಗ ಹಕ್ಕು ಪೂರ್ತಿಯಾಗಿ ಪಾರ್ಟನ್ನರಲ್ಲಿಯೇ ಉಳಿದಿತ್ತು. ತನ್ನ ರಚನೆಯ ಬೆಲೆಯನ್ನು ಇಷ್ಟು ಖಚಿತವಾಗಿ ಬಲ್ಲವರು ಪರರ ಗೀತಗಳಿಗೆ ಕೈಚಾಚಿದುದು ಅಜ್ಞಾನದಿಂದಲ್ಲ, ನಿರುಪಾಯದಿಂದಲೂ ಅಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಆ ಕಾಲದ ಕಂಟ್ರಿ ಲೋಕದಲ್ಲಿ ಶುದ್ಧಾಶುದ್ಧಗಳ ವಾದ ಉಗ್ರವಾಗಿಯೇ ನಡೆದಿತ್ತು. ೧೯೭೪ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ತನ್ನ ಶ್ರೇಷ್ಠ ಗಾಯಕಿಯ ಪ್ರಶಸ್ತಿಯನ್ನು ಒಲಿವಿಯಾ ನ್ಯೂಟನ್-ಜಾನ್ ಅವರಿಗಿತ್ತಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬೆಳೆದ ಪಾಪ್ ಗಾಯಕಿಗೆ ಈ ಮನ್ನಣೆಯೇ ಎಂದು ನ್ಯಾಶ್‌ವಿಲ್‌ನ ಹಲವು ಕಲಾವಿದರು ಕೆರಳಿದರು. ಅದೇ ವರ್ಷ ಅವರು ಜಾರ್ಜ್ ಜೋನ್ಸ್ ಮತ್ತು ಟ್ಯಾಮಿ ವೈನೆಟ್ ದಂಪತಿಗಳ ಮನೆಯಲ್ಲಿ ಸೇರಿ, ಹಳೆಯ ಸಂಗೀತದ ರಕ್ಷಣೆಗೆಂದು ಬೇರೊಂದು ಸಂಘವನ್ನು ಕಟ್ಟಿದರು. ಆ ಸಂಘದಲ್ಲಿ ಪಾರ್ಟನ್ನರೂ ಇದ್ದರು. ಮೂರು ವರ್ಷಗಳ ಬಳಿಕ ಅವರ ಸಂಪುಟವೇ ಪಾಪ್ ಮಾರುಕಟ್ಟೆಗೆ ಹೊರಟಿತು. ಇದನ್ನು ಕೆಲವರು ದ್ರೋಹವೆನ್ನಬಹುದು. ಪಾರ್ಟನ್ನರು ಗಡಿಯ ಎರಡು ಪಕ್ಕಗಳನ್ನೂ ಬಲ್ಲವರಾಗಿ ಅದನ್ನು ದಾಟಿದರು ಎಂಬುದಕ್ಕೆ ಇದು ಸಾಕ್ಷ್ಯವೆಂದು ನಾವು ಭಾವಿಸುತ್ತೇವೆ.

ಶುದ್ಧಿವಾದಿಗಳ ಭೀತಿ ನಿರಾಧಾರವಾದುದೆಂದು ನಾವು ಹೇಳುವುದಿಲ್ಲ. ಪಿಟೀಲು, ಸ್ಟೀಲ್ ಗಿಟಾರ್‌ಗಳನ್ನು ನುಡಿಸಿಯೇ ಹೊಟ್ಟೆ ಹೊರೆಯುವ ವಾದ್ಯಗಾರರಿಗೆ ಅಂದಿನ ಬದಲಾವಣೆ ಅನ್ನದ ಪ್ರಶ್ನೆಯಾಗಿತ್ತು. ಆದರೆ ಅವರು ಮುಂದಿಟ್ಟ ಚಾರಿತ್ರಿಕ ವಾದ ದುರ್ಬಲವಾದುದು. ಕಂಟ್ರಿ ಸಂಗೀತ ಎಂದೂ ಬೇಲಿಯೊಳಗೆ ಬೆಳೆದುದಲ್ಲ. ೧೯೨೭ರಲ್ಲಿ ಟೆನೆಸಿ-ವರ್ಜೀನಿಯ ಗಡಿಯ ಬ್ರಿಸ್ಟಲ್ ಊರಿನಲ್ಲಿ ಕಾರ್ಟರ್ ಕುಟುಂಬದ ಹಾಡುಗಳನ್ನು ಮೊದಲು ಮುದ್ರಿಸಿಕೊಂಡ ರಾಲ್ಫ್ ಪೀರ್ ನಗರದ ಧ್ವನಿಮುದ್ರಣ ಸಂಸ್ಥೆಯ ಪ್ರತಿನಿಧಿಯಾಗಿದ್ದನು. ಆ ಕುಟುಂಬದ ಎ. ಪಿ. ಕಾರ್ಟರ್ ಊರೂರು ಅಲೆದು ಪರರ ಬಾಯಿಂದ ಹಾಡುಗಳನ್ನು ಸಂಗ್ರಹಿಸಿ ತನ್ನವಾಗಿ ಮಾಡಿಕೊಂಡನು. ೧೯೫೦ರ ದಶಕದ ಕೊನೆಗೆ ಚೆಟ್ ಆಟ್ಕಿನ್ಸ್, ಓವನ್ ಬ್ರಾಡ್ಲಿ ಮುಂತಾದ ನಿರ್ಮಾಪಕರು ನ್ಯಾಶ್‌ವಿಲ್‌ನಲ್ಲಿಯೇ ಹಳ್ಳಿಯ ಪಿಟೀಲನ್ನು ಹಿಂದಕ್ಕೆ ಸರಿಸಿ, ವಾದ್ಯವೃಂದವನ್ನೂ ಸಮೂಹಗಾನವನ್ನೂ ಮುಂದಕ್ಕೆ ತಂದರು. ೧೯೬೧ರಲ್ಲಿ ಪ್ಯಾಟ್ಸಿ ಕ್ಲೈನ್ ಹಾಡಿದ ‘ಕ್ರೇಜಿ’ ಈ ಬಗೆಯ ಗೀತವೇ. ಅದನ್ನು ಬರೆದವನು ವಿಲ್ಲಿ ನೆಲ್ಸನ್. ಆದರೂ ಅದನ್ನು ಕ್ಲೈನ್‌ರದೆಂದೇ ಜನ ಬಲ್ಲರು. ಆದಕಾರಣ ಪರರ ರಚನೆಯೆಂಬುದಾಗಲಿ ನಗರದ ನಯವೆಂಬುದಾಗಲಿ ೧೯೭೭ರಲ್ಲಿ ಹುಟ್ಟಿದ ದೋಷವಲ್ಲ.

ಇನ್ನು ಸಂಪುಟಕ್ಕೆ ಬರೋಣ. ಅದೇ ವರ್ಷದ ಆರಂಭದಲ್ಲಿ ಪಾರ್ಟನ್ನರು ತಾವೇ ನಿರ್ಮಿಸಿದ ‘ನ್ಯೂ ಹಾರ್ವೆಸ್ಟ್... ಫಸ್ಟ್ ಗ್ಯಾದರಿಂಗ್’ ಎಂಬ ಸಂಪುಟದಲ್ಲಿ ಪಾಪ್ ಶೈಲಿಯತ್ತ ಮೊದಲ ಹೆಜ್ಜೆಯಿಟ್ಟಿದ್ದರು. ಪಾಪ್ ಮಾರುಕಟ್ಟೆ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಎರಡನೆಯ ಪ್ರಯತ್ನದಲ್ಲಿ ಅವರು ನಿರ್ಮಾಣದ ಹೊಣೆಯನ್ನು ಗ್ಯಾರಿ ಕ್ಲೈನ್ ಎಂಬ ಪಾಪ್ ನಿರ್ಮಾಪಕನಿಗೊಪ್ಪಿಸಿದರು. ಧ್ವನಿಮುದ್ರಣ ನಡೆದುದು ಲಾಸ್ ಏಂಜಲೀಸ್‌ನಲ್ಲಿ. ಶೀರ್ಷಿಕೆಯ ಗೀತವನ್ನು ಬರೆದವರು ಬ್ಯಾರಿ ಮ್ಯಾನ್ ಮತ್ತು ಸಿಂಥಿಯಾ ವೈಲ್ ದಂಪತಿಗಳು. ಇವರು ೧೯೬೦ರ ದಶಕದಲ್ಲಿ ನ್ಯೂಯಾರ್ಕಿನ ಗೀತಪ್ರಕಾಶಕರಿಗಾಗಿ ದಿನನಿತ್ಯವೂ ಹಾಡು ಹೊಸೆದು ಪಳಗಿದವರು. ಆ ಗೀತ ಪಾರ್ಟನ್ನರಿಗೆಂದೇ ಹುಟ್ಟಿದುದೂ ಅಲ್ಲ, ಬಿ. ಜೆ. ಥಾಮಸ್ ಎಂಬ ಗಾಯಕ ಅದನ್ನು ಮೊದಲೇ ಧ್ವನಿಮುದ್ರಿಸಿದ್ದನು.

ಫಲಿತಾಂಶ ಸರ್ವವಿದಿತ. ಈ ಗೀತ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಐದು ವಾರ ಪ್ರಥಮ ಸ್ಥಾನದಲ್ಲಿತ್ತು. ಪಾಪ್ ಪಟ್ಟಿಯಲ್ಲಿ ೩ನೆಯ ಸ್ಥಾನಕ್ಕೇರಿತು. ಸಂಪುಟವು ಹತ್ತು ಲಕ್ಷ ಪ್ರತಿಗಳ ಪ್ಲಾಟಿನಂ ಮನ್ನಣೆ ಪಡೆದ ಅವರ ಮೊದಲನೆಯ ಸಂಪುಟವಾಯಿತು. ಇದಕ್ಕಾಗಿ ಅವರಿಗೆ ೧೯೭೯ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಸಂದದ್ದು ಪಾಪ್ ವಿಭಾಗದಲ್ಲಲ್ಲ, ಕಂಟ್ರಿ ವಿಭಾಗದಲ್ಲಿ.

ಶೀರ್ಷಿಕೆಯ ಗೀತದಲ್ಲಿ ಒಂದು ಸಣ್ಣ ಸಂಗತಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುತ್ತದೆ. ಹಾಡನ್ನು ನಡೆಸುವುದು ಪಿಯಾನೊ. ಅದರ ನಡೆ ನಗರದ್ದು. ಆದರೆ ಹಿನ್ನೆಲೆಯಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಮೆಲ್ಲನೆ ಜಾರಿ ಬರುತ್ತದೆ. ಅದನ್ನು ಸೇರಿಸಬೇಕೆಂದು ಕೇಳಿದವರು ಪಾರ್ಟನ್ನರೇ. ಕಂಟ್ರಿಯನ್ನು ಬಿಟ್ಟಳೆಂದು ಯಾರಾದರೂ ದೂರಿದರೆ ಇದೋ ಎಂದು ತೋರಿಸಲು ಏನಾದರೂ ಇರಲಿ ಎಂಬುದು ಅವರ ಉದ್ದೇಶವಾಗಿತ್ತು. ಇದನ್ನು ಕೇವಲ ಜಾಣತನವೆನ್ನಬಹುದು. ಆದರೆ ಕೇಳಿ ನೋಡಿದರೆ ಆ ವಾದ್ಯ ಅಲ್ಲಿ ಬರಿಯ ರುಜುವಾಗಿ ಉಳಿದಿಲ್ಲ. ಬೇಡವೆಂದರೂ ಮತ್ತೆ ಬಂದು ನಿಲ್ಲುವ ಪ್ರಿಯನ ಮುಂದೆ ಸೋಲುವ ಹೆಣ್ಣಿನ ಮಾತು ಈ ಗೀತದ ವಸ್ತು. ಆ ಸೋಲನ್ನು ಪಿಯಾನೊ ನಗುತ್ತ ಹೇಳುತ್ತದೆ. ಸ್ಟೀಲ್ ಗಿಟಾರ್ ಅದರಲ್ಲಿ ನೋವಿನ ಎಳೆಯೊಂದನ್ನು ಸೇರಿಸುತ್ತದೆ. ಬೆಟ್ಟಸೀಮೆಯ ಉಚ್ಚಾರವನ್ನು ಮರೆಸದೆ, ಸಣ್ಣ ನಡುಕದೊಡನೆ ಹಾಡುವ ಪಾರ್ಟನ್ನರ ಕಂಠ ಈ ಎರಡನ್ನೂ ಒಂದುಗೂಡಿಸುತ್ತದೆ. ಮಾತು ಮ್ಯಾನ್ ಮತ್ತು ವೈಲ್‌ರದು. ಆ ಮಾತಿನ ಅನುಭವ ಪಾರ್ಟನ್ನರದು.

ಉಳಿದ ಪರರ ಗೀತಗಳೆಲ್ಲವೂ ಈ ಮಟ್ಟಕ್ಕೇರಿಲ್ಲ. ಜಾನ್ ಸೆಬಾಸ್ಟಿಯನ್‌ನ ‘ಲವಿನ್ ಯು’ ಹಗುರವಾಗಿ ಬಂದು ಹಗುರವಾಗಿಯೇ ಹೋಗುತ್ತದೆ. ಬಾಬಿ ಗೋಲ್ಡ್ಸ್‌ಬರೋನ ‘ಕೌಗರ್ಲ್ ಅಂಡ್ ದಿ ಡ್ಯಾಂಡಿ’ ಹಳ್ಳಿಗಾಡಿನ ಹೆಣ್ಣನ್ನೂ ನಗರದ ಶೋಕಿಗಾರನನ್ನೂ ಎದುರುಬದುರು ನಿಲ್ಲಿಸುತ್ತದೆ. ಆದರೆ ಆ ಹೆಣ್ಣು ಒಂದು ವೇಷವೇ ಹೊರತು ವ್ಯಕ್ತಿಯಲ್ಲ. ಕೆನ್ನಿ ರಾಜರ್ಸ್‌ನ ‘ಸ್ವೀಟ್ ಮ್ಯೂಸಿಕ್ ಮ್ಯಾನ್’ ಮಾತ್ರ ಗಾಯಕನ ಅಲೆಮಾರಿ ಬಾಳನ್ನು ಕುರಿತದ್ದಾದುದರಿಂದ ಪಾರ್ಟನ್ನರ ಬಾಯಲ್ಲಿ ಸಹಜವಾಗಿ ನಿಲ್ಲುತ್ತದೆ. ಒಟ್ಟಿನಲ್ಲಿ ಹೊರಗಿನವರ ಗೀತಗಳಲ್ಲಿ ‘ನಾನು’, ‘ನೀನು’ ಉಂಟು. ಊರು, ಹೆಸರು, ಮನೆತನಗಳು ವಿರಳ. ಎಲ್ಲಿಯಾದರೂ ಸಲ್ಲಬೇಕೆಂದು ಬರೆದ ಗೀತದಲ್ಲಿ ‘ಎಲ್ಲಿ’ ಎಂಬುದೇ ಮಾಸಿಹೋಗುತ್ತದೆ. ಈ ಸಂಪುಟದ ನಿಜವಾದ ನಷ್ಟ ಇದೇ.

ಇದಕ್ಕೆ ಎದುರಾಗಿ ಪಾರ್ಟನ್ನರ ಸ್ವಂತ ಗೀತವಾದ ‘ಮಿ ಅಂಡ್ ಲಿಟಲ್ ಆಂಡಿ’ಯನ್ನು ನೋಡಬಹುದು. ಚಳಿಗಾಳಿಯ ರಾತ್ರಿಯಲ್ಲಿ ದಿಕ್ಕಿಲ್ಲದ ಹುಡುಗಿಯೊಬ್ಬಳು ನಾಯಿಮರಿಯೊಡನೆ ಬಾಗಿಲು ತಟ್ಟಿ ಆಶ್ರಯ ಬೇಡುತ್ತಾಳೆ. ಬೆಳಗಾಗುವ ಮುನ್ನವೇ ಇಬ್ಬರೂ ತೀರಿಹೋಗುತ್ತಾರೆ. ಇದು ಬೆಟ್ಟಸೀಮೆಯ ಹಳೆಯ ಕಥನಗೀತಗಳ ಕುಲಕ್ಕೆ ಸೇರಿದ್ದು. ಹುಡುಗಿಗೆ ಹೆಸರುಂಟು, ನಾಯಿಮರಿಗೂ ಹೆಸರುಂಟು. ಆದರೆ ಇದು ಸ್ವಂತ ರಚನೆಯೆಂಬ ಕಾರಣಕ್ಕೆ ಇದರ ದೋಷವನ್ನು ಮರೆಯಲಾಗದು. ಮಗುವಿನ ದನಿಯನ್ನು ಅನುಕರಿಸುವ ಹಟದಲ್ಲಿ ಕರುಣರಸ ತನ್ನ ಹದವನ್ನು ಮೀರಿ, ಕೇಳುಗನಿಂದ ಕಣ್ಣೀರನ್ನು ಬಲವಂತವಾಗಿ ಕೀಳುವಂತಾಗಿದೆ. ಅವರದೇ ಆದ ‘ಇಟ್ಸ್ ಆಲ್ ರಾಂಗ್, ಬಟ್ ಇಟ್ಸ್ ಆಲ್ ರೈಟ್’ ಎಂಬ ಗೀತ ೧೯೭೮ರಲ್ಲಿ ಕಂಟ್ರಿ ಪಟ್ಟಿಯ ಪ್ರಥಮ ಸ್ಥಾನಕ್ಕೇರಿತಾದರೂ ಅದರಲ್ಲಿಯೂ ಊರುಕೇರಿಗಳ ಸುಳಿವಿಲ್ಲ. ಹೀಗೆ ಈ ಸಂಪುಟದಲ್ಲಿ ಗುಣದ ಗೆರೆ ‘ತನ್ನದು’, ‘ಪರರದು’ ಎಂಬ ಎಲ್ಲೆಯ ಮೇಲೆ ಹಾದುಹೋಗುವುದಿಲ್ಲ.

‘ಟೂ ಡೋರ್ಸ್ ಡೌನ್’ ಗೀತದ ಇತಿಹಾಸ ಈ ಮಾತನ್ನು ಇನ್ನಷ್ಟು ದೃಢಪಡಿಸುತ್ತದೆ. ಒಂಟಿಯಾಗಿ ಅಳುತ್ತ ಕುಳಿತವಳಿಗೆ ಎರಡು ಬಾಗಿಲುಗಳಾಚೆಯ ಸಂತೋಷಕೂಟದ ಸದ್ದು ಕೇಳಿಸುವ ಪ್ರಸಂಗ ಅದು. ರಚನೆ ಪಾರ್ಟನ್ನರದೇ. ಆದರೂ ೧೯೭೮ರಲ್ಲಿ ಅದನ್ನು ಪಾಪ್ ಕಿವಿಗೆ ಇನ್ನಷ್ಟು ಹಿಡಿಸುವಂತೆ ಮತ್ತೆ ಧ್ವನಿಮುದ್ರಿಸಲಾಯಿತು. ಸಂಪುಟದ ಮುಂದಿನ ಪ್ರತಿಗಳಲ್ಲಿ ಮೊದಲಿನ ಪಾಠವನ್ನು ತೆಗೆದು ಹೊಸದನ್ನಿರಿಸಲಾಯಿತು. ಪಾಠಾಂತರಗಳ ಬೆಲೆ ಬಲ್ಲ ನಮಗೆ ಇದು ಗಮನಾರ್ಹ. ಮಾರುಕಟ್ಟೆಯ ಒತ್ತಡ ಹೊರಗಿನ ಕವಿಗಳ ಮೂಲಕ ಮಾತ್ರ ಬರುವುದಿಲ್ಲ. ಸ್ವಂತ ರಚನೆಯ ಒಳಗೂ ಅದು ಅಷ್ಟೇ ಸಲೀಸಾಗಿ ಕೆಲಸಮಾಡುತ್ತದೆ.

ಹಾಗಾದರೆ ಈ ಹಾದಿಯಲ್ಲಿ ಅಪಾಯವೇ ಇರಲಿಲ್ಲವೇ? ಇತ್ತು. ಅದು ಬೆಳಕಿಗೆ ಬಂದುದು ಅನಂತರದ ಸಂಪುಟಗಳಲ್ಲಿ. ೧೯೮೦ರಲ್ಲಿ ಅದೇ ನಿರ್ಮಾಪಕನ ಕೈಯಲ್ಲಿ ರೂಪುಗೊಂಡ ‘ಡಾಲಿ, ಡಾಲಿ, ಡಾಲಿ’ ಎಂಬ ಸಂಪುಟದಲ್ಲಿ ಪಾರ್ಟನ್ನರ ಸ್ವಂತ ಗೀತ ಒಂದೂ ಇಲ್ಲ. ಹೆಸರು ಮೂರು ಸಲ ಬಂದಿದೆ. ಹೆಸರಿನವರ ಮಾತು ಒಂದು ಸಲವೂ ಬಂದಿಲ್ಲ. ೧೯೭೭ರಲ್ಲಿ ಅತಿಥಿಯಾಗಿ ಬಂದ ಪರರ ಗೀತ ಇಲ್ಲಿ ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡಿತು. ಆದರೆ ಅದೇ ವರ್ಷದ ಕೊನೆಯಲ್ಲಿ ಬಂದ ‘ನೈನ್ ಟು ಫೈವ್ ಅಂಡ್ ಆಡ್ ಜಾಬ್ಸ್’ ಎಂಬ ಸಂಪುಟ ಈ ಕಥೆಯ ದಿಕ್ಕನ್ನೇ ತಿರುಗಿಸಿತು. ಶೀರ್ಷಿಕೆಯ ಗೀತವನ್ನು ಪಾರ್ಟನ್ನರೇ ಬರೆದರು. ವಸ್ತು, ಕಚೇರಿಗಳಲ್ಲಿ ದುಡಿಯುವ ಹೆಂಗಸರ ಬವಣೆ. ಅದರೊಡನೆ ಗಣಿಗಾರರನ್ನು ಕುರಿತ ಮರ್ಲ್ ಟ್ರಾವಿಸ್‌ನ ಗೀತವನ್ನೂ, ವಲಸೆಯ ಕೂಲಿಗಳನ್ನು ಕುರಿತ ವುಡಿ ಗತ್ರಿಯ ಗೀತವನ್ನೂ ಅವರು ಹಾಡಿದರು. ಇಲ್ಲಿಯೂ ಪರರ ರಚನೆಗಳುಂಟು. ಆದರೆ ಅವುಗಳನ್ನು ಆರಿಸಿದ ಮನಸ್ಸು ಒಂದೇ, ಹೇಳಬೇಕಾದುದೂ ಒಂದೇ. ೧೯೮೧ರಲ್ಲಿ ‘ನೈನ್ ಟು ಫೈವ್’ ಗೀತ ಪಾಪ್, ಕಂಟ್ರಿ ಎರಡು ಪಟ್ಟಿಗಳಲ್ಲಿಯೂ ಪ್ರಥಮ ಸ್ಥಾನವನ್ನು ಪಡೆಯಿತು. ೧೯೭೭ರಲ್ಲಿ ಗಳಿಸಿದ ಹೊಸ ಶ್ರೋತೃವರ್ಗಕ್ಕೆ ಈಗ ಅವರು ತಮ್ಮದೇ ಮಾತನ್ನು, ದುಡಿಯುವವರ ಮಾತನ್ನು, ಕೇಳಿಸಿದರು.

ಇದರಿಂದ ನಾವು ತಲಪುವ ನಿರ್ಣಯ ಇಷ್ಟು. ಗೀತವನ್ನು ಬರೆದವರಾರು ಎಂಬ ಪ್ರಶ್ನೆ ಅವಶ್ಯವಾದುದು, ಆದರೆ ಅದೊಂದೇ ಸಾಲದು. ಆಯ್ದವರಾರು, ಏಕೆ ಆಯ್ದರು, ಆಯ್ದದ್ದಕ್ಕೆ ತಮ್ಮದಾದ ಏನನ್ನು ಕೂಡಿಸಿದರು ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾದುವು. ಈ ಒರೆಗಲ್ಲಿಗೆ ಹಚ್ಚಿದರೆ ‘ಹಿಯರ್ ಯು ಕಮ್ ಅಗೇನ್’ ಸಮವಲ್ಲದ ಸಂಪುಟ: ಶೀರ್ಷಿಕೆಯ ಗೀತದಲ್ಲಿ ಸಿದ್ಧಿ, ಕೆಲವೆಡೆ ಬರಿಯ ನಯ, ಕೆಲವೆಡೆ ಸ್ವಂತದ್ದರಲ್ಲಿಯೇ ಅತಿರೇಕ. ಅದನ್ನು ದ್ರೋಹವೆಂದು ಕರೆಯುವವರು ಹಳ್ಳಿಯ ಹಾಡುಗಾರ್ತಿಗೆ ಒಂದೇ ಹಾಡನ್ನು, ಒಂದೇ ಉಡುಪನ್ನು, ಒಂದೇ ಕೇರಿಯನ್ನು ಶಾಶ್ವತವಾಗಿ ವಿಧಿಸುತ್ತಾರೆ. ತಾವು ಮಾತ್ರ ನಗರದಲ್ಲಿದ್ದುಕೊಂಡು ಆಕೆ ಬೆಟ್ಟದಲ್ಲಿಯೇ ಇರಲಿ ಎಂದು ಬಯಸುವವರ ಮಾತನ್ನು ಚರಿತ್ರಕಾರನು ಸಂಶಯದಿಂದಲೇ ಕೇಳಬೇಕಾಗುತ್ತದೆ. ಜಾನಪದವನ್ನೂ ಜನಪ್ರಿಯ ಗೀತವನ್ನೂ ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳು ಇಂತಹ ಧ್ವನಿಮುದ್ರಿಕೆಗಳನ್ನು ಕುಲಶೋಧನೆಗೆ ಗುರಿಪಡಿಸದೆ, ಪಾಠ, ಪಾಠಾಂತರ, ವಾದ್ಯ, ಕಂಠಗಳನ್ನು ಒಂದೊಂದಾಗಿ ಪರೀಕ್ಷಿಸಿ ಓದುವುದಾದರೆ ಈ ಬಗೆಯ ಅಧ್ಯಯನಕ್ಕೆ ಭದ್ರವಾದ ತಳಹದಿ ದೊರೆಯುವುದು.