‘ಮಯೂರ’ ಚಲನಚಿತ್ರ ಮತ್ತು ತಾಳಗುಂದದ ಶಾಸನ: ಒಂದು ಪಾಠವಿಮರ್ಶೆ

ಐತಿಹಾಸಿಕ ಚಲನಚಿತ್ರವೊಂದರ ಕಿರೀಟ, ಕವಚ, ಕಟ್ಟಡಗಳಲ್ಲಿ ದೋಷಗಳನ್ನು ಎಣಿಸುವುದು ಸುಲಭವಾದ ಕೆಲಸ. ನಾಲ್ಕನೆಯ ಶತಮಾನದ ಅರಮನೆಯ ಸ್ವರೂಪವನ್ನು ಕುರಿತ ಪ್ರತ್ಯಕ್ಷ ಆಧಾರಗಳು ವಿರಳವಾಗಿರುವಾಗ ಕಲಾವಿದನ ಊಹೆಯನ್ನು ದೂಷಿಸುವುದು ನ್ಯಾಯವೂ ಅಲ್ಲ. ಆದರೆ ಆಧಾರವು ಸ್ಪಷ್ಟವಾಗಿ ನುಡಿಯುವೆಡೆಯಲ್ಲಿ ಚಿತ್ರವು ಏನು ಮಾಡಿದೆ ಎಂಬುದು ವಿಚಾರಾರ್ಹ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ, ವಿಜಯ್ ಅವರ ನಿರ್ದೇಶನದಲ್ಲಿ 1975ರಲ್ಲಿ ತೆರೆಕಂಡ ‘ಮಯೂರ’ವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ರಾಜಕುಮಾರ್ ಅವರು ಅಭಿನಯಿಸಿದ ಈ ಚಿತ್ರದ ನಾಯಕನು ತನ್ನನ್ನು ಬ್ರಾಹ್ಮಣಪುತ್ರನೆಂದೇ ತಿಳಿದು ಬೆಳೆಯುತ್ತಾನೆ. ಅನಂತರ ತಾನು ಕದಂಬ ರಾಜಕುಮಾರನೆಂಬ ರಹಸ್ಯವನ್ನು ಅರಿಯುತ್ತಾನೆ. ಆತನ ಹೋರಾಟವು ಹುಟ್ಟಿನಿಂದ ಬಂದ ಹಕ್ಕಿನ ಪುನಃಪ್ರಾಪ್ತಿಯಾಗುತ್ತದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವು ಹೇಳುವುದು ಬೇರೆ. ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜನು ಸಂಸ್ಕೃತದಲ್ಲಿ ರಚಿಸಿದ ಈ ಶಾಸನದಂತೆ, ಕದಂಬರದು ಮಾನವ್ಯಗೋತ್ರದ ವೈದಿಕ ಕುಲ. ಮನೆಯ ಬಳಿಯ ಕದಂಬವೃಕ್ಷದಿಂದ ಆ ಕುಲಕ್ಕೆ ಹೆಸರು ಬಂದಿತು. ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ, ಅಪಮಾನಿತನಾದ ಆತನು ಶಸ್ತ್ರ ಹಿಡಿದನು. ಗಡಿಪಾಲಕರನ್ನು ಸೋಲಿಸಿ, ಶ್ರೀಪರ್ವತದವರೆಗಿನ ಅರಣ್ಯದಲ್ಲಿ ನೆಲೆಸಿ, ಬೃಹದ್ಬಾಣರಿಂದ ಕಪ್ಪ ಪಡೆದನು. ಕೊನೆಗೆ ಪಲ್ಲವರೇ ಆತನಿಗೆ ರಾಜ್ಯವನ್ನು ಮನ್ನಿಸಿದರು. ಇಲ್ಲಿ ಕಳೆದುಹೋದ ಸಿಂಹಾಸನವಿಲ್ಲ, ಮರೆಮಾಡಿದ ಜನ್ಮವೃತ್ತಾಂತವಿಲ್ಲ. ರಾಜ್ಯವು ಮಯೂರನಿಂದಲೇ ಆರಂಭವಾಗುತ್ತದೆ.

ಹಸ್ತಪ್ರತಿಗಳ ಸಂಪಾದನೆಯಲ್ಲಿ ಪರಿಚಿತವಾದ ತತ್ತ್ವವೊಂದುಂಟು. ಲಿಪಿಕಾರನು ತನಗೆ ತೊಡಕೆನಿಸಿದ ಪಾಠವನ್ನು ಬಿಟ್ಟು, ರೂಢಿಯ ಸುಲಭ ಪಾಠವನ್ನು ಬರೆಯುತ್ತಾನೆ. ಆದುದರಿಂದ ಎರಡು ಪಾಠಗಳು ಎದುರಾದಾಗ ಕ್ಲಿಷ್ಟವಾದುದೇ ಸಾಮಾನ್ಯವಾಗಿ ಮೂಲಕ್ಕೆ ಸಮೀಪದ್ದು. ‘ಮಯೂರ’ದಲ್ಲಿ ನಡೆದಿರುವುದೂ ಇದೇ. ಅಧ್ಯಯನಶೀಲ ಬ್ರಹ್ಮಚಾರಿಯೊಬ್ಬನು ಅರಸನಾದನೆಂಬುದು ಕ್ಲಿಷ್ಟ ಪಾಠ. ಅಜ್ಞಾತನಾಗಿ ಬೆಳೆದ ರಾಜಪುತ್ರನು ಸಿಂಹಾಸನವನ್ನು ಮರಳಿ ಪಡೆದನೆಂಬುದು ಜನಪದ ಕಥೆಗಳಿಗೆ ಒಗ್ಗಿದ ಸುಲಭ ಪಾಠ. ಈ ಪಾಠಾಂತರದಲ್ಲಿ ಕಾದಂಬರಿಯ ಪಾಲೆಷ್ಟು, ಚಿತ್ರಕಥೆಯ ಪಾಲೆಷ್ಟು ಎಂಬುದು ಪ್ರತ್ಯೇಕ ವಿಚಾರ. ಪರಿಣಾಮವು ಮಾತ್ರ ಒಂದೇ: ‘ಶರ್ಮ’ನ ಕುಲವು ‘ವರ್ಮ’ರ ಕುಲವಾದ ಸಂಧಿಕಾಲವೇ ತೆರೆಯಿಂದ ಮರೆಯಾಗಿದೆ.

ಶಾಸನವನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಅದು ಮಯೂರನಿಗಿಂತ ಸುಮಾರು ಒಂದು ಶತಮಾನ ಈಚಿನ ಪ್ರಶಸ್ತಿಕಾವ್ಯ; ಆತನಿಗೆ ಷಡಾನನನೇ ಅಭಿಷೇಕ ಮಾಡಿದನೆನ್ನುತ್ತದೆ. ಬನವಾಸಿಯ ಸಮೀಪದ ಗುಡ್ನಾಪುರದಲ್ಲಿ ದೊರೆತ, ಕಾಮಜಿನಾಲಯವನ್ನು ಉಲ್ಲೇಖಿಸುವ ರವಿವರ್ಮನ ಶಾಸನವು ವೀರಶರ್ಮನ ಮಗ ಬಂಧುಷೇಣನೆಂದೂ, ಆತನು ಕ್ಷಾತ್ರವನ್ನು ಪಡೆದನೆಂದೂ, ಆತನ ಮಗನೇ ಮಯೂರವರ್ಮನೆಂದೂ ತಿಳಿಸುತ್ತದೆ. ಈ ಪರಿವರ್ತನೆಯು ಒಂದೇ ತಲೆಮಾರಿನಲ್ಲಿ, ಒಂದೇ ಕಲಹದಿಂದ ಆಗಿರಲಾರದೆಂಬ ಸೂಚನೆ ಇಲ್ಲಿದೆ. ಎರಡು ಶಾಸನಗಳು ಪರಸ್ಪರ ಭಿನ್ನವಾದರೂ ಮಯೂರನಿಗೆ ರಾಜವಂಶದ ಪೂರ್ವಿಕರನ್ನು ಯಾವುದೂ ಕಲ್ಪಿಸಿಲ್ಲ.

ಚಿತ್ರದ ಉಪಕಾರವನ್ನು ಮರೆಯಲಾಗದು. ಶಾಸನವನ್ನು ಎಂದೂ ಓದದ ಅಸಂಖ್ಯಾತ ಜನರಿಗೆ ಕದಂಬರ ಹೆಸರನ್ನು ಅದು ಮುಟ್ಟಿಸಿತು. ಪಾತ್ರಗಳ ಕಲ್ಪನೆ, ಸಂಭಾಷಣೆಯ ಓಜಸ್ಸು, ಪ್ರಣಯದ ಎಳೆ ಇವು ಕಲೆಗೆ ಸಲ್ಲುವ ಸ್ವಾತಂತ್ರ್ಯ. ಶಾಸನವು ಹೆಸರಿಸದ ಪಲ್ಲವ ದೊರೆಗೆ ಹೆಸರಿಡುವುದೂ ದೋಷವಲ್ಲ. ಆದರೆ ಜನ್ಮದಿಂದಲ್ಲದೆ ಸ್ವಪ್ರಯತ್ನದಿಂದ ಅರಸುತನ ಬಂದಿತೆಂಬ ಸಂಗತಿಯನ್ನು ಕದಂಬರು ತಾವೇ ಮುಚ್ಚಿಡದೆ ಕಲ್ಲಿನಲ್ಲಿ ಕೆತ್ತಿಸಿದರು. ಅವರಿಗೆ ಸಂಕೋಚ ತಾರದ ಸತ್ಯವನ್ನು ಹದಿನೈದು ಶತಮಾನಗಳ ಅನಂತರ ತಿದ್ದುವ ಅಗತ್ಯವಿರಲಿಲ್ಲ. ‘ಮಯೂರ’ವನ್ನು ನೋಡಿ ಮೆಚ್ಚಿದವರು ಒಮ್ಮೆ ತಾಳಗುಂದಕ್ಕೂ ಹೋಗಿ ಆ ಸ್ತಂಭದ ಮುಂದೆ ನಿಂತರೆ ಚಿತ್ರದ ಉದ್ದೇಶವೂ ಪೂರ್ಣವಾದೀತು.